ಹಗ್ಗ ಎಳೆಯೋಕೇ ಬರ್ತಿಲ್ವಾ? ಜೋರು ಮಾಡೋ ಮುಂಚೆ ಪ್ಲಗ್ ಬಿಚ್ಚಿ ನೋಡಿ

ಮುಂಗಾರು ಶುರುವಾಗಿ ಎರಡು ವಾರ ಕಳೆದರೆ ಸಾಕು, "ಅಣ್ಣಾ, ವೀಡರ್ ಸ್ಟಾರ್ಟ್ ಆಗ್ತಿಲ್ಲ" ಅಂತ ಫೋನ್ ಬರೋಕೆ ಶುರು. ನಾನು ಮೊದಲು ಕೇಳೋದು ಒಂದೇ ಪ್ರಶ್ನೆ: ಹಗ್ಗ ಸಲೀಸಾಗಿ ಬಂದೂ ಎಂಜಿನ್ ಹತ್ತಿಕೊಳ್ತಿಲ್ವಾ, ಇಲ್ಲಾ ಹಗ್ಗ ಎಳೆಯೋಕೇ ಬರ್ತಿಲ್ವಾ? ಇವೆರಡೂ ಬೇರೆ ಬೇರೆ ಕಾಯಿಲೆ. ಮೊದಲನೆಯದು ಪೆಟ್ರೋಲು, ಗಾಳಿ, ಕಿಡಿಯದ್ದು. ಎರಡನೆಯದರಲ್ಲಿ ಎಂಜಿನ್ ತಿರುಗದಂತೆ ಯಾವುದೋ ತಡೆಯುತ್ತಿದೆ. ಇವತ್ತು ಎರಡನೆಯದನ್ನು ನೋಡೋಣ.

ಕಳೆನಾಶಕ ಬಳಸದ ನಮ್ಮಂಥ ಸಾವಯವ ಕೃಷಿಕರಿಗೆ ವೀಡರ್, ಬ್ರಷ್ ಕಟರ್ ನಿಂತರೆ ಕೈ ಕಟ್ಟಿದ ಹಾಗೆ. ಆ ಗಡಿಬಿಡಿಯಲ್ಲಿ ಎಲ್ಲರೂ ಮಾಡೋದು ಒಂದೇ, ಇನ್ನೂ ಗಟ್ಟಿಯಾಗಿ ಜಗ್ಗೋದು. ಒಬ್ಬನಿಂದ ಆಗದಿದ್ದರೆ ಇನ್ನೊಬ್ಬ. ಅಲ್ಲೇ ಇರೋದು ಅಪಾಯ. ಪುಕ್ಕಟೆಯಾಗಿ ಸರಿಹೋಗಬೇಕಿದ್ದ ತೊಂದರೆ ಆ ಜಗ್ಗಾಟದಲ್ಲಿ ಕನೆಕ್ಟಿಂಗ್ ರಾಡ್ ಬಗ್ಗಿಸಿ, ಪೂರ್ತಿ ಎಂಜಿನ್ ಬಿಚ್ಚುವ ಕೆಲಸ ತರುತ್ತೆ.

ಶುರು ಮಾಡೋ ಮುಂಚೆ

ಸ್ವಿಚ್ ಆಫ್ ಮಾಡಿ. ಪೆಟ್ರೋಲ್ ಕಾಕ್ ಬಂದ್ ಮಾಡಿ. ಪ್ಲಗ್ ಕ್ಯಾಪ್ ಎಳೆದು ದೂರ ಸರಿಸಿ. ಎಂಜಿನ್ ಬಿಸಿ ಇದ್ದರೆ ಆರಲು ಬಿಡಿ. ಬಯಲಲ್ಲೇ ಕೆಲಸ ಮಾಡಿ, ಹತ್ತಿರ ಬೀಡಿ, ಬೆಂಕಿ ಏನೂ ಇರಬಾರದು.

ಇನ್ನೊಂದು ಮಾತು. 4 ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ಒಂದು ಕಡೆ ಬಿಗಿಯಾಗುತ್ತೆ, ಆಮೇಲೆ ಹಗುರಾಗುತ್ತೆ. ಅದು ಕಂಪ್ರೆಷನ್, ಅಂದರೆ ಆರೋಗ್ಯದ ಲಕ್ಷಣ. ಹಗ್ಗ ನಿಧಾನ ಎಳೆದು ಬಿಗಿ ಸಿಕ್ಕ ಜಾಗ ದಾಟಿಸಿ, ಹಗ್ಗ ವಾಪಸ್ ಬಿಟ್ಟು, ಆಮೇಲೆ ಒಂದೇ ಸಮನೆ ಎಳೆದರೆ ಸಾಮಾನ್ಯವಾಗಿ ಬರುತ್ತೆ. ಹಾಗೂ ಬರದಿದ್ದರೆ ಮುಂದೆ ಓದಿ.

ಮೊದಲು ಎಂಜಿನ್ ಹೊರಗೆ ನೋಡಿ

ವೀಡರ್ ಆದರೆ ಗೇರ್ ನ್ಯೂಟ್ರಲ್‌ನಲ್ಲಿ ಇದೆಯಾ? ಬ್ಲೇಡಿಗೆ ಬಳ್ಳಿ, ಡ್ರಿಪ್ ಪೈಪು, ತಂತಿ ಸುತ್ತಿಕೊಂಡಿದೆಯಾ? ಸ್ಪ್ರೇಯರ್ ಆದರೆ ಪ್ರೆಷರ್ ಬಿಟ್ಟಿದ್ದೀರಾ? ನೀರಿನ ಪಂಪ್ ಆದರೆ ಇಂಪೆಲ್ಲರ್‌ಗೆ ಕಲ್ಲು ಸಿಕ್ಕಿದೆಯಾ? ಬ್ರಷ್ ಕಟರ್‌ನಲ್ಲಿ ಹಗ್ಗ ಎಳೆಯುವಾಗ ಬ್ಲೇಡ್ ತಿರುಗಬಾರದು. ತಿರುಗುತ್ತಿದ್ದರೆ ಕ್ಲಚ್ ಹಿಡಿದುಕೊಂಡಿದೆ, ಬ್ಲೇಡಿನ ಭಾರವನ್ನೂ ನೀವೇ ಎಳೀತಿದ್ದೀರಿ ಅಂತ ಅರ್ಥ.

ಆಮೇಲೆ ಹಗ್ಗದ ಡಬ್ಬಿ, ಅಂದರೆ ರಿಕಾಯಿಲ್ ಸ್ಟಾರ್ಟರ್. ಹೊರಗಿನ ಮೂರ್ನಾಲ್ಕು ಬೋಲ್ಟು ಬಿಚ್ಚಿದರೆ ಅದು ಇಡಿಯಾಗಿ ಕೈಗೆ ಬರುತ್ತೆ. ಕೈಯಲ್ಲಿ ಹಿಡಿದು ಎಳೆದು ನೋಡಿ. ಅಲ್ಲೇ ಬಿಗಿ ಇದ್ದರೆ ಎಂಜಿನ್ನಿನದ್ದೇನೂ ತಪ್ಪಿಲ್ಲ. ಮಣ್ಣು ತುಂಬಿದೆ, ಹಗ್ಗ ಸಿಕ್ಕಿಕೊಂಡಿದೆ ಅಥವಾ ಸ್ಪ್ರಿಂಗ್ ಹೋಗಿದೆ. ಆದರೆ ಡಬ್ಬಿಯೊಳಗಿನ ಚಕ್ರ ಬಿಚ್ಚೋಕೆ ಹೋಗಬೇಡಿ. ಸ್ಪ್ರಿಂಗ್ ಹಾರಿ ಮುಖಕ್ಕೆ ಬಡಿಯುತ್ತೆ.

ಈಗ ಪ್ಲಗ್ ಬಿಚ್ಚಿ

ಡಬ್ಬಿ ಚೆನ್ನಾಗಿದ್ದರೆ ವಾಪಸ್ ಕೂರಿಸಿ. ಯಂತ್ರದ ಜೊತೆ ಕೊಟ್ಟ ಪ್ಲಗ್ ಪಾನಾದಿಂದ ಪ್ಲಗ್ ತೆಗೆಯಿರಿ. ತೂತಿನ ಮೇಲೆ ಹಳೇ ಬಟ್ಟೆ ಸಡಿಲವಾಗಿ ಹಾಕಿ, ಮುಖ ಪಕ್ಕಕ್ಕೆ ತಿರುಗಿಸಿ, ಹಗ್ಗ ನಿಧಾನಕ್ಕೆ ಎಳೆಯಿರಿ. ಅರ್ಧ ರೋಗ ಇಲ್ಲೇ ಗೊತ್ತಾಗುತ್ತೆ.

ಹಗುರಾಯ್ತು, ಬಟ್ಟೆ ಒದ್ದೆಯಾಯ್ತು: ಸಿಲಿಂಡರ್‌ನಲ್ಲಿ ದ್ರವ ತುಂಬಿತ್ತು. ಗಾಳಿಯನ್ನು ಅದುಮಬಹುದು, ದ್ರವವನ್ನು ಅದುಮೋಕೆ ಆಗಲ್ಲ. ಪಿಸ್ಟನ್ ಮೇಲೆ ಬರೋಕೆ ಜಾಗವೇ ಇರಲ್ಲ. ಜಗ್ಗಿದಾಗ ರಾಡ್ ಬಗ್ಗೋದು ಹೀಗೆ. ಪೂರ್ತಿ ಖಾಲಿ ಆಗೋವರೆಗೆ ನಿಧಾನ ಎಳೆದು, ಪ್ಲಗ್ ಒರೆಸಿ, ಒಣಗಿಸಿ ಹಾಕಿ.

ಬಂದದ್ದು ಏನು ಅಂತ ಮೂಸಿ ನೋಡಿ. ಎಂಜಿನ್ ಆಯಿಲ್ ಆದರೆ ವೀಡರನ್ನು ಗಾಡಿಯಲ್ಲಿ ತರುವಾಗಲೋ, ಬ್ಲೇಡ್ ಬಿಚ್ಚುವಾಗಲೋ ತಪ್ಪು ಮಗ್ಗುಲಿಗೆ ಮಲಗಿಸಿರುತ್ತಾರೆ. ಏರ್ ಫಿಲ್ಟರ್ ಕೂಡ ಆಯಿಲ್ ಕುಡಿದಿರುತ್ತೆ, ನೋಡಿಕೊಳ್ಳಿ. ಸ್ಟಾರ್ಟ್ ಆದಮೇಲೆ ಸ್ವಲ್ಪ ಹೊತ್ತು ಹೊಗೆ ಬರುತ್ತೆ, ಗಾಬರಿ ಬೇಡ. ಪೆಟ್ರೋಲ್ ಆದರೆ ಕಾಕ್ ತೆರೆದೇ ಬಿಟ್ಟಿದ್ದೀರಿ ಮತ್ತು ಕಾರ್ಬುರೇಟರ್‌ನ ಫ್ಲೋಟ್ ಸೂಜಿ ಸರಿಯಾಗಿ ಮುಚ್ಚುತ್ತಿಲ್ಲ. ಆಗ 4 ಸ್ಟ್ರೋಕ್‌ನಲ್ಲಿ ಡಿಪ್‌ಸ್ಟಿಕ್ ಎಳೆದು ಮೂಸಲೇಬೇಕು. ಆಯಿಲ್ ತೆಳ್ಳಗಾಗಿ, ಮಟ್ಟ ಮೇಲೇರಿ, ಪೆಟ್ರೋಲ್ ವಾಸನೆ ಬಂದರೆ ಬದಲಾಯಿಸದೆ ಓಡಿಸಬೇಡಿ. ತೆಳ್ಳಗಾದ ಆಯಿಲ್ ಬೇರಿಂಗ್ ಉಳಿಸಲ್ಲ.

ಹಗುರಾಯ್ತು, ಬಟ್ಟೆ ಒಣಗೇ ಇದೆ: ಪ್ಲಗ್ ಹಾಕಿದರೆ ಮತ್ತೆ ಬಿಗಿ. ಹಾಗಿದ್ದರೆ ವಾಲ್ವ್ ಕಡೆ ನೋಡಬೇಕು. ಈ ಎಂಜಿನ್‌ಗಳಲ್ಲಿ ಹಗ್ಗ ಎಳೆಯುವಾಗ ಎಕ್ಸಾಸ್ಟ್ ವಾಲ್ವನ್ನು ಕೂದಲೆಳೆಯಷ್ಟು ತೆರೆದು ಬಿಗಿ ಇಳಿಸುವ ಒಂದು ಸಣ್ಣ ವ್ಯವಸ್ಥೆ ಕ್ಯಾಮ್ ಶಾಫ್ಟ್ ಮೇಲಿರುತ್ತೆ. ವಾಲ್ವ್ ಗ್ಯಾಪ್ ಜಾಸ್ತಿಯಾದರೆ ಅದು ವಾಲ್ವನ್ನು ಮುಟ್ಟೋದೇ ಇಲ್ಲ. ವೀಡರ್‌ಗಳಲ್ಲಿ ಬರುವ 160 ರಿಂದ 200 ಸಿಸಿಯ ಅನೇಕ ಎಂಜಿನ್‌ಗಳಿಗೆ, ತಣ್ಣಗಿದ್ದಾಗ, ಇನ್‌ಟೇಕ್ 0.15 ಮಿ.ಮೀ., ಎಕ್ಸಾಸ್ಟ್ 0.20 ಮಿ.ಮೀ. ಗ್ಯಾಪ್ ಇರಬೇಕು. ನಿಮ್ಮ ಯಂತ್ರದ ಪುಸ್ತಕದಲ್ಲಿ ಇರುವ ಅಳತೆಯೇ ಕೊನೆಯ ಮಾತು. ಫೀಲರ್ ಗೇಜ್ ಹಿಡಿದು ಅಭ್ಯಾಸ ಇಲ್ಲದವರು ಇದನ್ನು ಮೆಕ್ಯಾನಿಕ್‌ಗೇ ಬಿಡಿ.

ಪ್ಲಗ್ ಬಿಚ್ಚಿದರೂ ಬಿಗಿ: ಈಗ ತೊಂದರೆ ಪಿಸ್ಟನ್, ಬೇರಿಂಗ್ ಅಥವಾ ಫ್ಲೈವೀಲ್‌ನದ್ದು. 2 ಸ್ಟ್ರೋಕ್ ಬ್ರಷ್ ಕಟರ್ ಆದರೆ ಸೈಲೆನ್ಸರ್ ಬಿಚ್ಚಿ, ಆ ಕಿಂಡಿಯಲ್ಲಿ ಫೋನಿನ ಟಾರ್ಚ್ ಬಿಡಿ. ಪಿಸ್ಟನ್ ಮೈ ನಯವಾಗಿದ್ದರೆ ಸರಿ. ಉದ್ದುದ್ದ ಗೀರು ಕಂಡರೆ ಸೀಜ್ ಆಗಿದೆ. ಸಾಮಾನ್ಯ ಕಾರಣ 2ಟಿ ಆಯಿಲ್ ಕಡಿಮೆ ಹಾಕಿದ್ದು. ನಿಮ್ಮ ಯಂತ್ರಕ್ಕೆ 25:1 ಅಂತ ಹೇಳಿದ್ದರೆ ಲೀಟರ್ ಪೆಟ್ರೋಲಿಗೆ 40 ಮಿ.ಲೀ., 50:1 ಅಂದರೆ 20 ಮಿ.ಲೀ. ಕಣ್ಣಳತೆ ಬೇಡ, ಅಳತೆ ಮುಚ್ಚಳ ಇಟ್ಟುಕೊಳ್ಳಿ.

ಓಡುತ್ತಿದ್ದಾಗ ನಿಂತು ಹಿಡಿದುಕೊಂಡಿದ್ದರೆ ಬಲವಂತ ಬೇಡ, ನೇರ ಗ್ಯಾರೇಜು. ತಿಂಗಳುಗಟ್ಟಲೆ ಮೂಲೆಯಲ್ಲಿದ್ದು ಹಿಡಿದಿದ್ದರೆ ತುಕ್ಕು ಇರಬಹುದು. ಪ್ಲಗ್ ತೂತಿನಲ್ಲಿ ಎರಡು ಚಮಚ ಆಯಿಲ್ ಬಿಟ್ಟು, ಒಂದು ರಾತ್ರಿ ನೆನೆಯಲು ಬಿಟ್ಟು, ಬೆಳಿಗ್ಗೆ ನಿಧಾನಕ್ಕೆ ಹಿಂದೆ ಮುಂದೆ ಅಲ್ಲಾಡಿಸಿ. ಬಿಟ್ಟುಕೊಂಡರೆ ಅದೃಷ್ಟ, ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ.

ಗ್ಯಾರೇಜಿಗೆ ಹೋಗೋ ಮುಂಚೆ

ಮೂರು ವಿಷಯ ಫೋನಲ್ಲಿ ಹಿಡಿದು ಮೆಕ್ಯಾನಿಕ್‌ಗೆ ಕಳಿಸಿ: ಎಂಜಿನ್ ಮೇಲಿನ ಮಾಡೆಲ್ ನಂಬರಿನ ಫೋಟೊ, ಬಿಚ್ಚಿದ ಪ್ಲಗ್‌ನ ಫೋಟೊ, ಪ್ಲಗ್ ಇಲ್ಲದೆ ಹಗ್ಗ ಎಳೆಯುವ ಅರ್ಧ ನಿಮಿಷದ ವಿಡಿಯೊ. ಯಾವ ಸಾಮಾನು ಬೇಕು ಅಂತ ಅವರಿಗೆ ಅಂದಾಜು ಸಿಗುತ್ತೆ, ನಿಮಗೆ ಪೇಟೆಗೆ ಎರಡೆರಡು ಸಲ ಓಡಾಡೋದು ತಪ್ಪುತ್ತೆ. "ಪ್ಲಗ್ ಬಿಚ್ಚಿದರೆ ಹಗುರ ಬರ್ತಿದೆ, ಬಟ್ಟೆ ಒಣಗಿದೆ" ಅಂತ ಹೇಳೋ ಗಿರಾಕಿಗೆ ಸುಮ್ಮನೆ ಬೋರು ಪಿಸ್ಟನ್ ಬಿಲ್ ಮಾಡೋದೂ ಕಷ್ಟ.

ದಿನದ ಕೆಲಸ ಮುಗಿದ ಮೇಲೆ ಕಾಕ್ ಬಂದ್ ಮಾಡಿ, ಸಾಗಿಸುವಾಗ ಯಂತ್ರ ನೆಟ್ಟಗಿರಲಿ, ಮಲಗಿಸಲೇಬೇಕಾದರೆ ಯಾವ ಮಗ್ಗುಲು ಅಂತ ಪುಸ್ತಕ ನೋಡಿ. ಮೇಲೆ ಹೇಳಿದ ದ್ರವದ ತೊಂದರೆ ಹೆಚ್ಚಿನಂಶ ಇಷ್ಟಕ್ಕೇ ತಪ್ಪುತ್ತೆ. ಹಗ್ಗ ಸಲೀಸಾಗಿ ಬಂದೂ ಹತ್ತಿಕೊಳ್ಳದ ಎಂಜಿನ್ ಕಥೆ ಮುಂದಿನ ವಾರ.