ಕಾಲು ನೋಡಿ ಮನೆ ಹೇಳಿ: ಬೆಂಗ್ರೆಯಲ್ಲಿ ಆಮೆಯ ಪಾಠ

ಅರಬ್ಬಿ ಸಮುದ್ರಕ್ಕೂ ಫಲ್ಗುಣಿ ನದಿಗೂ ನಡುವೆ ಚಾಚಿಕೊಂಡ ಮರಳುಪಟ್ಟಿ ಬೆಂಗ್ರೆ. ಬೋಧನಾಭ್ಯಾಸದಲ್ಲಿ ಇಲ್ಲಿನ ಏಳನೇ ತರಗತಿಗೆ ‘ಪ್ರಾಣಿಗಳ ಹೊಂದಾಣಿಕೆ’ ಕಲಿಸಲು ನಾನು ಆಮೆಯನ್ನು ಆರಿಸಿಕೊಂಡೆ. ನೆಲದ್ದು, ಕೆರೆಯದ್ದು, ಕಡಲಿನದ್ದು ಎಲ್ಲವನ್ನೂ ನಾವು ‘ಆಮೆ’ ಎಂದೇ ಕರೆಯುತ್ತೇವೆ. ಹಾಗಾಗಿ ಆಮೆಯೆಂದರೆ ನೀರಿನ ಪ್ರಾಣಿ ಎಂಬ ಭಾವನೆ ಮಕ್ಕಳಲ್ಲಿ ಬೇರೂರಿರುತ್ತದೆ. ಇದರಿಂದ ಜೀವಹಾನಿಯೂ ಆಗಬಹುದು: ಕರುಣೆಯಿಂದ ಆಳದ ನೀರಿಗೆ ಬಿಟ್ಟ ನೆಲದಾಮೆ ಮುಳುಗಿ ಸಾಯುತ್ತದೆ.

ಮೂರು ಚಿತ್ರಗಳಲ್ಲಿ ಕಾಲು ಮಾತ್ರ ಕಾಣುವಂತೆ ಉಳಿದ ಭಾಗವನ್ನು ಕಾಗದದಿಂದ ಮುಚ್ಚಿದೆ. ‘ಇದರ ಮನೆ ಎಲ್ಲಿ?’ ಎಂಬುದೇ ಪ್ರಶ್ನೆ.

ಮೊದಲನೆಯದು ದಕ್ಷಿಣ ಯುರೋಪಿನ ಹರ್ಮನ್ ಆಮೆ. ಕಂಬದಂಥ ಗಿಡ್ಡ ಕಾಲು, ಗಟ್ಟಿ ಉಗುರು, ಉಬ್ಬಿದ ಚಿಪ್ಪು. ಹೆಚ್ಚಿನವು ಒಂದು ಗೇಣಿನಷ್ಟೇ ಉದ್ದ. ಸೊಪ್ಪು ಮೇಯುತ್ತದೆ, ಚಳಿಗಾಲವನ್ನು ಮಣ್ಣಿನಲ್ಲಿ ಹುದುಗಿ ನಿದ್ದೆಯಲ್ಲಿ ಕಳೆಯುತ್ತದೆ. ಎರಡನೆಯದು ನಮ್ಮ ಒಣ ಕುರುಚಲು ಕಾಡಿನ ನಕ್ಷತ್ರ ಆಮೆ. ದೇಶ ಬೇರೆ, ಕಾಲು ಅದೇ. ಮೂರನೆಯದು ಕಡಲಿನ ಆಲಿವ್ ರಿಡ್ಲಿ. ‘ದೋಣಿಯ ಹುಟ್ಟಿನ ಹಾಗಿದೆ’ ಎಂದು ಮಕ್ಕಳೇ ಹೇಳಿದರು. ಈ ಆಮೆ ತಲೆಯನ್ನೂ ಕಾಲನ್ನೂ ಚಿಪ್ಪಿನೊಳಗೆ ಎಳೆದುಕೊಳ್ಳಲಾರದು. ಕೆರೆಯಾಮೆಯ ಜಾಲಪಾದವನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದೆ.

‘ಕಡಲಾಮೆ ಬಲೆಯಲ್ಲಿ ಸಿಕ್ಕರೆ ನೀರಲ್ಲೇ ಇರುತ್ತದಲ್ಲ ಟೀಚರ್, ಯಾಕೆ ಸಾಯುತ್ತದೆ?’ ಎಂದು ಒಬ್ಬ ಹುಡುಗ ಕೇಳಿದ. ಪಾಠದ ತಿರುಳು ಅಲ್ಲಿತ್ತು. ಎಲ್ಲ ಆಮೆಗಳೂ ಶ್ವಾಸಕೋಶದಿಂದ ಉಸಿರಾಡುತ್ತವೆ. ಮೇಲೆ ಬರಲಾಗದಿದ್ದರೆ ಕಡಲಾಮೆಯೂ ಮುಳುಗಿ ಸಾಯುತ್ತದೆ. ಎಲ್ಲವೂ ಮೊಟ್ಟೆಯಿಡುವುದು ನೆಲದಲ್ಲಿ. ರಿಡ್ಲಿ ಮರಳು ತೋಡಿ ಸುಮಾರು ನೂರು ಮೊಟ್ಟೆಯಿಡುತ್ತದೆ; 45ರಿಂದ 60 ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಹರ್ಮನ್ ಆಮೆಯಲ್ಲೂ ರಿಡ್ಲಿಯಲ್ಲೂ ಗೂಡಿನ ಬಿಸಿಯೇ ಮರಿಯ ಲಿಂಗವನ್ನು ನಿರ್ಧರಿಸುತ್ತದೆ: ಬಿಸಿ ಹೆಚ್ಚಾದರೆ ಹೆಣ್ಣು. ರಾತ್ರಿ ಹೊರಬಂದ ರಿಡ್ಲಿ ಮರಿಗಳು ಬೆಳಕಿರುವ ಕಡೆ ಸಾಗುತ್ತವೆ. ಕತ್ತಲ ತೀರದಲ್ಲಿ ಆ ಬೆಳಕು ಕಡಲಿನದು. ದೀಪ ಉರಿಯುವ ತೀರದಲ್ಲಿ ಅವು ರಸ್ತೆಯತ್ತ ತಿರುಗುತ್ತವೆ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಕೊಟ್ಟೆ: ‘ಕಂಬದಂಥ ಕಾಲಿನ ಆಮೆ ದಾರಿಯಲ್ಲಿ ಸಿಕ್ಕರೆ ಏನು ಮಾಡುವಿರಿ?’ ನೀರಿಗೆ ಬಿಡುವುದಿಲ್ಲ, ಮನೆಗೆ ಒಯ್ಯುವುದಿಲ್ಲ, ಅರಣ್ಯ ಇಲಾಖೆಗೆ ತಿಳಿಸುತ್ತೇವೆ ಎಂಬುದು ನಿರೀಕ್ಷಿತ ಉತ್ತರ. ಕಾಲಿನ ಕಾರಣವನ್ನೂ ಬರೆದರೆ ಮಾತ್ರ ಪೂರ್ಣ ಅಂಕ.

ಈ ಪಾಠ ಮಾಡುವ ಸಹಪಾಠಿಗಳು ಜೀವಂತ ಆಮೆಯನ್ನು ತರಗತಿಗೆ ತರಬಾರದು. ನಕ್ಷತ್ರ ಆಮೆಗೂ ರಿಡ್ಲಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಮಣ್ಣಿನ ಮಾದರಿ ಸಾಕು. ಕಾಲುಗಳನ್ನು ಮಾತ್ರ ಸರಿಯಾಗಿ ಮಾಡಿ.