ಬಿಳಿಗುಂಡ್ಲುವಿನ ಅಳತೆಗೋಲು, ನಮ್ಮೂರ ಬಾವಿಯ ಹಗ್ಗ



ಮುಂಗಾರು ಕೈಕೊಟ್ಟ ವರ್ಷ ಪತ್ರಿಕೆ ತೆಗೆದರೆ ಒಂದು ಊರಿನ ಹೆಸರು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತೆ: ಬಿಳಿಗುಂಡ್ಲು. ಅಲ್ಲಿ ಇವತ್ತು ಇಷ್ಟು ಸಾವಿರ ಕ್ಯೂಸೆಕ್ ನೀರು ಹರಿಯಿತು ಅಂತ ಟಿ.ವಿ.ಯಲ್ಲೂ ಹೇಳ್ತಾರೆ. ಈ ಊರು ಎಲ್ಲೋ ದೂರದಲ್ಲಿಲ್ಲ. ನಮ್ಮ ಕೃಷ್ಣಗಿರಿ ಜಿಲ್ಲೆಯಲ್ಲೇ, ಅಂಚೆಟ್ಟಿ ಆಚೆ, ಕಾವೇರಿಯ ದಡದಲ್ಲಿದೆ. ಕರ್ನಾಟಕದಿಂದ ಬರುವ ಕಾವೇರಿ ನೀರನ್ನು ಅಳೆಯುವ ಕೇಂದ್ರ ಅದು.

ಅಲ್ಲಿ ಅಳೆಯೋದು ಹೇಗೆ? ನೀವು ಒಂಬತ್ತನೇ ತರಗತಿಯಲ್ಲಿ ಕಲಿಯುವ ವೇಗದ ಪಾಠವೇ ಸಾಕು. ನದಿಯ ಅಡ್ಡಕೊಯ್ತದ ವಿಸ್ತೀರ್ಣವನ್ನು ನೀರಿನ ವೇಗದಿಂದ ಗುಣಿಸಿದರೆ ಹರಿವಿನ ಪ್ರಮಾಣ ಸಿಗುತ್ತೆ. ಒಂದು ಕಾಲುವೆ 1 ಮೀಟರ್ ಅಗಲ, 0.2 ಮೀಟರ್ ಆಳ ಇದೆ, ನೀರು ಸೆಕೆಂಡಿಗೆ 0.5 ಮೀಟರ್ ಸಾಗುತ್ತಿದೆ ಅಂದುಕೊಳ್ಳಿ. ಗುಣಿಸಿದರೆ ಸೆಕೆಂಡಿಗೆ 0.1 ಘನ ಮೀಟರ್, ಅಂದರೆ 100 ಲೀಟರ್. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್. ಹಾಗಾಗಿ ಈ ಪುಟ್ಟ ಕಾಲುವೆಯಲ್ಲಿ ಹರಿಯುತ್ತಿರುವುದು ಮೂರೂವರೆ ಕ್ಯೂಸೆಕ್.

ಜಗಳ ಎರಡು, ಅಂಕಿ ಒಂದು

ಕಾವೇರಿ ನೀರಿಗಾಗಿ ನಡೆದ ವಾದ ನೂರು ವರ್ಷಕ್ಕಿಂತ ಹಳೆಯದು. 1892ರಲ್ಲಿ ಮತ್ತು 1924ರಲ್ಲಿ ಮೈಸೂರು ಮತ್ತು ಮದ್ರಾಸ್ ಸರ್ಕಾರಗಳು ಒಪ್ಪಂದ ಮಾಡಿಕೊಂಡವು. 1990ರಲ್ಲಿ ನ್ಯಾಯಮಂಡಳಿ ಬಂತು, 2007ರಲ್ಲಿ ಅದರ ಅಂತಿಮ ತೀರ್ಪು ಬಂತು, 2018ರಲ್ಲಿ ಸುಪ್ರೀಂ ಕೋರ್ಟ್ ಕೊನೆಯ ಮಾತು ಹೇಳಿತು. ಸಾಮಾನ್ಯ ಮಳೆಯ ವರ್ಷದಲ್ಲಿ ಇಡೀ ಕಾವೇರಿ ಕೊಳ್ಳದಲ್ಲಿ ಸಿಗುವ ನೀರು 740 ಟಿಎಂಸಿ ಎಂದು ಲೆಕ್ಕ. ಅದರಲ್ಲಿ ತಮಿಳುನಾಡಿಗೆ 404.25, ಕರ್ನಾಟಕಕ್ಕೆ 284.75, ಕೇರಳಕ್ಕೆ 30, ಪುದುಚೇರಿಗೆ 7 ಟಿಎಂಸಿ. ಒಂದು ವರ್ಷದಲ್ಲಿ ಬಿಳಿಗುಂಡ್ಲು ದಾಟಬೇಕಾದ ನೀರು 177.25 ಟಿಎಂಸಿ. ಉಸ್ತುವಾರಿಗೆ ಅದೇ ವರ್ಷ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ರಚನೆಯಾಯಿತು. ಅದರಲ್ಲಿ ಕೇಂದ್ರದ ಜೊತೆಗೆ ಈ ನಾಲ್ಕೂ ಕಡೆಯ ಪ್ರತಿನಿಧಿಗಳು ಕೂರುತ್ತಾರೆ.

ಹಾಗಂತ ಜಗಳ ನಿಂತುಹೋಯ್ತಾ? ಇಲ್ಲ. ಮಳೆ ಕಮ್ಮಿಯಾದ ವರ್ಷ ಈಗಲೂ ಎರಡೂ ಕಡೆ ರೈತರು ಬೀದಿಗೆ ಬರ್ತಾರೆ. ಆದರೆ ಒಂದು ವಿಷಯ ಗಮನಿಸಿ. ಬಿಳಿಗುಂಡ್ಲುವಿನ ಅಳತೆ ಕೇಂದ್ರ ಕರ್ನಾಟಕದ್ದೂ ಅಲ್ಲ, ತಮಿಳುನಾಡಿನದ್ದೂ ಅಲ್ಲ. ಅದು ಕೇಂದ್ರ ಜಲ ಆಯೋಗದ್ದು. ವಾದ ಮಾಡುವವರೂ ಅಲ್ಲಿಯ ಅಂಕಿಯನ್ನೇ ಮುಂದಿಟ್ಟು ವಾದ ಮಾಡಬೇಕು. ಹಂಚಿಕೊಳ್ಳೋಕೆ ಮೊದಲು ಎಷ್ಟಿದೆ ಅಂತ ಎಲ್ಲರಿಗೂ ಕಾಣಬೇಕು. ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಇಷ್ಟೇ.

ಕಾಣದ ನೀರು

ಈಗ ಜವಳಗಿರಿಗೆ ಬನ್ನಿ. ಹೋದ ವರ್ಷ ಏಪ್ರಿಲ್‌ನಲ್ಲಿ ನನ್ನ ತರಗತಿಯ ಇಬ್ಬರು ಹುಡುಗರು ಮಾತು ಬಿಟ್ಟಿದ್ದರು. ಒಬ್ಬನ ಮನೆಯವರು ಟೊಮೇಟೊ ಬೆಳೆಗೆ ಹೊಸ ಬೋರು ಕೊರೆಸಿದ್ದರು. ಕೆಲವೇ ವಾರದಲ್ಲಿ ಪಕ್ಕದ ಹೊಲದ, ಅಂದರೆ ಇನ್ನೊಬ್ಬನ ಮನೆಯ ಬೋರಿನಲ್ಲಿ ಬರೀ ಗಾಳಿ ಬರತೊಡಗಿತು.

"ನಮ್ ನೀರೆಲ್ಲಾ ಇವ್ರೇ ಎಳ್ಕೊಂಡ್ರು ಸಾರ್" ಅಂದ ಒಬ್ಬ. "ನಮ್ ಹೊಲದಾಗೆ ನಾವ್ ಕೊರೆಸಿದ್ವಿ ಸಾರ್, ಅದ್ರಾಗೆ ತಪ್ಪೇನು?" ಅಂದ ಇನ್ನೊಬ್ಬ. ಯಾರು ಸರಿ ಅಂತ ನನ್ನನ್ನು ಕೇಳಿದರು. ನನಗೆ ಹೇಳಲು ಆಗಲಿಲ್ಲ. ನಮ್ಮ ಹತ್ತಿರ ಒಂದೇ ಒಂದು ಅಳತೆಯೂ ಇರಲಿಲ್ಲ.

ನಮ್ಮ ಕಾಲ ಕೆಳಗೆ ಇರೋದು ಗಟ್ಟಿ ಬಂಡೆ: ಗ್ರಾನೈಟ್ ಮತ್ತು ನೈಸ್. ಅದರ ಮೇಲಿನ ಶಿಥಿಲ ಪದರದಲ್ಲಿ ಮತ್ತು ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತೆ. ಇಂಥ ಪದರದ 100 ಲೀಟರ್ ಗಾತ್ರದಿಂದ ನಾವು ಎತ್ತಬಹುದಾದ ನೀರು ಎರಡೋ ಮೂರೋ ಲೀಟರ್ ಅಷ್ಟೆ. 2 ಲೀಟರ್ ಅಂತಲೇ ಇಟ್ಟುಕೊಳ್ಳಿ. ಹೊಲದ ಮೇಲೆ 20 ಮಿಲಿಮೀಟರ್ ಎತ್ತರಕ್ಕೆ ನಿಲ್ಲುವಷ್ಟು ನೀರನ್ನು ಕೆಳಗಿನಿಂದ ಎತ್ತಿದರೆ, ಆ ಹೊಲದ ಅಡಿಯ ನೀರಿನ ಮಟ್ಟ ಒಂದು ಮೀಟರ್ ಇಳಿಯುತ್ತೆ! ಬಿರುಕುಗಳು ಒಂದಕ್ಕೊಂದು ಕೂಡಿಕೊಂಡಿರೋದರಿಂದ ಪಕ್ಕದ ಹೊಲದಲ್ಲೂ ಇಳಿಯುತ್ತೆ. ಬೋರು ಕೊರೆಸಿದವರದ್ದು, ಸರಿ. ಆದರೆ ಬಿರುಕಿನೊಳಗಿನ ನೀರಿಗೆ ಹೊಲದ ಬದು ಗೊತ್ತಿಲ್ಲ.

ನೀರುಗಂಟಿ ಇದ್ದ ಕಾಲ

ಕೆರೆ ನೀರಿನಲ್ಲಿ ಬೆಳೆ ತೆಗೆಯುತ್ತಿದ್ದ ಕಾಲದಲ್ಲಿ ಈ ಕಷ್ಟ ಬೇರೆ ಥರ ಇತ್ತು. ಏರಿಯ ಮೇಲೆ ನಿಂತರೆ ಎಷ್ಟು ನೀರಿದೆ ಅಂತ ಎಲ್ಲರಿಗೂ ಕಾಣುತ್ತಿತ್ತು. ಕೋಲಾರದ ಕಡೆಯ ಹಳ್ಳಿಗಳಲ್ಲಿ ತೂಬು ಎತ್ತಿ ಇಳಿಸಲು, ಸರದಿಯಂತೆ ಗದ್ದೆಗೆ ನೀರು ಬಿಡಲು, ಜೋರು ಮಳೆಯಲ್ಲಿ ಏರಿ ಕಾಯಲು ನೀರುಗಂಟಿ ಅಂತ ಒಬ್ಬ ಇರುತ್ತಿದ್ದ. ಸುಗ್ಗಿಯಲ್ಲಿ ಅವನಿಗೆ ಕಾಳಿನ ರೂಪದಲ್ಲಿ ಕೂಲಿ. ನೀರು ಕಮ್ಮಿ ಇದ್ದ ವರ್ಷ ಅಚ್ಚುಕಟ್ಟಿನ ಒಂದು ಭಾಗಕ್ಕೆ ಮಾತ್ರ ನೀರು ಅಂತ ಊರಿನವರು ತೀರ್ಮಾನಿಸುತ್ತಿದ್ದರು. ಎಲ್ಲವೂ ನ್ಯಾಯವಾಗಿತ್ತು ಅಂತ ನಾನು ಹೇಳಲ್ಲ. ಎಷ್ಟೋ ಕಡೆ ನೀರುಗಂಟಿಗಳು ದಲಿತ ಕುಟುಂಬದವರು. ಊರಿಗೆಲ್ಲ ನೀರು ಹಂಚಿದವರಿಗೆ ಸ್ವಂತ ಗದ್ದೆ ಇರುತ್ತಿರಲಿಲ್ಲ. ಆದರೂ ನೀರು ಕಾಣುತ್ತಿತ್ತು, ಲೆಕ್ಕ ಇಡುವವನೊಬ್ಬ ಇದ್ದ. ಬೋರಿಗೆ ತೂಬೂ ಇಲ್ಲ, ನೀರುಗಂಟಿಯೂ ಇಲ್ಲ.

ಪಕ್ಕದ ಜಿಲ್ಲೆಯ ರೈತರು ಮಾಡಿದ್ದು

ಹಾಗಾದರೆ ಕಾಣದ ನೀರನ್ನು ಹಂಚಿಕೊಳ್ಳೋಕೆ ಆಗಲ್ವಾ? ಆಗುತ್ತೆ ಅಂತ ತೋರಿಸಿದವರು ಆಂಧ್ರದ ರೈತರು. 2000ದ ದಶಕದಲ್ಲಿ, ಆಗಿನ ಆಂಧ್ರಪ್ರದೇಶದ ಏಳು ಬರಪೀಡಿತ ಜಿಲ್ಲೆಗಳಲ್ಲಿ, ರೈತರೇ ನಿರ್ವಹಿಸುವ ಅಂತರ್ಜಲ ಯೋಜನೆ ನಡೆಯಿತು. ನಮ್ಮ ಜಿಲ್ಲೆಯ ಗಡಿಗೆ ತಾಗಿದ್ದ ಚಿತ್ತೂರು, ಅದರಾಚೆಯ ಅನಂತಪುರ ಎರಡೂ ಅದರಲ್ಲಿದ್ದವು. ಸ್ವಯಂಸೇವಾ ಸಂಸ್ಥೆಗಳು ತರಬೇತಿ ಕೊಟ್ಟವು, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಬೆಂಬಲ ಕೊಟ್ಟಿತು. ಆದರೆ ಮಳೆ ಅಳೆದವರು, ಬಾವಿಯ ಮಟ್ಟ ಅಳೆದವರು ಊರಿನ ಹೆಂಗಸರು, ಗಂಡಸರೇ. ಅಂಕಿಗಳನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕುತ್ತಿದ್ದರು. ಹಿಂಗಾರು ಬಿತ್ತನೆಗೆ ಮೊದಲು ಊರಿನವರು ಕೂತು, ಕೆಳಗೆ ಎಷ್ಟು ನೀರಿದೆ, ಯೋಚಿಸಿರುವ ಬೆಳೆಗಳಿಗೆ ಎಷ್ಟು ಬೇಕು ಅಂತ ಲೆಕ್ಕ ಹಾಕುತ್ತಿದ್ದರು.

ಆ ಲೆಕ್ಕ ಹೇಗಿರುತ್ತೆ ನೋಡಿ. ಒಂದು ಎಕರೆಯ ಮೇಲೆ 1 ಮಿಲಿಮೀಟರ್ ನೀರು ಅಂದರೆ ಸುಮಾರು 4,000 ಲೀಟರ್. ಭತ್ತಕ್ಕೆ ಸುಮಾರು 1,200 ಮಿಲಿಮೀಟರ್ ಬೇಕು: ಎಕರೆಗೆ 48 ಲಕ್ಷ ಲೀಟರ್. ರಾಗಿಗೆ ಸುಮಾರು 350 ಮಿಲಿಮೀಟರ್ ಸಾಕು: 14 ಲಕ್ಷ ಲೀಟರ್. ಇದನ್ನು ನೋಡಿದ ಮೇಲೆ ಯಾವ ಬೆಳೆ ಹಾಕಬೇಕು ಅನ್ನೋದು ಆಯಾ ರೈತರ ಇಷ್ಟ. ಯಾರ ಮೇಲೂ ಬಲವಂತ ಇರಲಿಲ್ಲ, ದಂಡ ಇರಲಿಲ್ಲ. ಆದರೂ ಎಷ್ಟೋ ಊರುಗಳಲ್ಲಿ ಜನ ಭತ್ತ ಕಡಿಮೆ ಮಾಡಿದರು, ಕಮ್ಮಿ ನೀರಿನ ಬೆಳೆಗೆ ಹೊರಳಿದರು.

ಈಗ ನಿಮ್ಮ ಸರದಿ

ನಾವೂ ಶುರು ಮಾಡಿದ್ದೀವಿ. ಮಾತು ಬಿಟ್ಟಿದ್ದ ಆ ಇಬ್ಬರು ಹುಡುಗರಿಗೇ ಅಳೆಯುವ ಕೆಲಸ ಕೊಟ್ಟೆ. ಒಬ್ಬ ಹಗ್ಗ ಹಿಡೀಬೇಕು, ಇನ್ನೊಬ್ಬ ಬರೀಬೇಕು. ಮಾತಾಡದೆ ವಿಧಿ ಇಲ್ಲ! ಬತ್ತಿದ ಬೋರಿಗೆ ಇನ್ನೂ ನೀರು ಬಂದಿಲ್ಲ. ಆದರೆ ಶಾಲೆಯ ಗೋಡೆಯ ಮೇಲಿನ ಪಟ್ಟಿಯನ್ನು ನೋಡೋಕೆ ಇಬ್ಬರ ಅಪ್ಪಂದಿರೂ ಬಂದು ಹೋದರು.

ನೀವೂ ಮಾಡಿ. ಬೇಕಾದ್ದು ಇಷ್ಟು:

1. ಕಟ್ಟೆ ಇರುವ ಒಂದು ತೆರೆದ ಬಾವಿ ಆರಿಸಿಕೊಳ್ಳಿ. ದೊಡ್ಡವರು ಜೊತೆಗಿರಲೇಬೇಕು. ಬಾವಿಯೊಳಗೆ ಬಗ್ಗಬೇಡಿ. ಬಿಟ್ಟುಹೋದ ಬೋರಿನ ಹತ್ತಿರ ಹೋಗಲೇಬೇಡಿ.

2. ಹಗ್ಗದ ತುದಿಗೆ ಕಲ್ಲು ಕಟ್ಟಿ, ಅರ್ಧ ಮೀಟರಿಗೊಂದು ಗಂಟು ಹಾಕಿ. ಪ್ರತಿ ತಿಂಗಳ 1ನೇ ತಾರೀಖು, ಪಂಪು ಹಾಕುವ ಮೊದಲು ಬೆಳಿಗ್ಗೆ, ಬಾವಿ ಕಟ್ಟೆಯ ಒಂದೇ ಗುರುತಿನಿಂದ ಇಳಿಬಿಟ್ಟು ಕಲ್ಲು ನೀರು ಮುಟ್ಟುವ ಆಳ ಬರೆದಿಡಿ.

3. ಬುಡ, ಬಾಯಿ ಒಂದೇ ಅಗಲ ಇರುವ ನೇರ ಡಬ್ಬಿಯನ್ನು ಬಯಲಲ್ಲಿಟ್ಟು, ಮಳೆ ಬಂದ ದಿನ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ಮಿಲಿಮೀಟರ್‌ನಲ್ಲಿ ಅಳೆಯಿರಿ.

4. ಎರಡನ್ನೂ ಒಂದೇ ನಕ್ಷೆಯಲ್ಲಿ ಬರೆದು ಎಲ್ಲರಿಗೂ ಕಾಣುವ ಕಡೆ ಅಂಟಿಸಿ.

ತಮಿಳುನಾಡಿನಲ್ಲಿ ವಿಶ್ವ ಜಲ ದಿನವಾದ ಮಾರ್ಚ್ 22ರಂದು ಗ್ರಾಮಸಭೆ ಸೇರುತ್ತೆ. ಆ ಹೊತ್ತಿಗೆ ನಿಮ್ಮ ಬಾವಿಯ ಲೆಕ್ಕ ಕೈಯಲ್ಲಿದ್ದರೆ, ಮೇಷ್ಟ್ರನ್ನು ಕರೆದುಕೊಂಡು ಹೋಗಿ ಸಭೆಯಲ್ಲಿ ಓದಿ ಹೇಳಿ. ಕೆರೆಯ ಹೂಳು ಎತ್ತಿಸುವ ಮಾತಿರಲಿ, ಹೊಸ ಬೋರಿನ ಮಾತಿರಲಿ, ಊರಿನವರು ನಿಮ್ಮ ಅಂಕಿಯನ್ನು ಮುಂದಿಟ್ಟುಕೊಂಡು ಮಾತಾಡಲಿ.