ರಕ್ತದ ಅರ್ಬುದವೂ ಬೂಷ್ಟಿನ ಹಾವಳಿಯೂ

ಬೇಲಿಯೇ ಎದ್ದು ಹೊಲವನ್ನು ಮೇಯ್ದರೆ ಕಾಯುವವರಾರು ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ರಕ್ತದ ಅರ್ಬುದವೆಂಬ ವ್ಯಾಧಿಯ ಸ್ವರೂಪವು ಈ ಮಾತಿನಂತೆಯೇ ಇರುವುದು. ಶರೀರವನ್ನು ಕಾಯಬೇಕಾದ ಬಿಳಿಯ ರಕ್ತಕಣಗಳು ಎಲುಬಿನ ಮಜ್ಜೆಯಲ್ಲಿ ಹುಟ್ಟುವುವು. ಅಲ್ಲಿಯೇ ಕೆಲವು ಕಣಗಳು ಕ್ರಮಗೆಟ್ಟು, ಬಲಿಯದೆ, ಮಿತಿಮೀರಿ ವೃದ್ಧಿಹೊಂದಿ ಒಳ್ಳೆಯ ಕಣಗಳಿಗೆ ಎಡೆಯಿಲ್ಲದಂತೆ ಮಾಡುವುವು. ಇದಕ್ಕೆ ಲ್ಯುಕೀಮಿಯಾ ಎಂದು ಹೆಸರು.

ಮಕ್ಕಳಿಗೆ ತಗಲುವ ಈ ರೋಗಕ್ಕೆ ಔಷಧವುಂಟೆಂಬ ಆಸೆಯು ಹುಟ್ಟಿದ್ದು 1948ರಲ್ಲಿ. ಬಾಸ್ಟನ್ ನಗರದ ಡಾಕ್ಟರ್ ಸಿಡ್ನಿ ಫಾರ್ಬರ್ ಅವರು 16 ಮಕ್ಕಳಿಗೆ ಅಮಿನಾಪ್ಟೆರಿನ್ ಎಂಬ ಔಷಧವನ್ನು ಕೊಡಲು, 10 ಮಂದಿ ಕೆಲಕಾಲ ಚೇತರಿಸಿಕೊಂಡರು. ಆ ಔಷಧವನ್ನು ಸಿದ್ಧಪಡಿಸಿದ ತಂಡದ ಮುಖ್ಯಸ್ಥರು ನಮ್ಮವರೇ ಆದ, ಭೀಮವರದಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರು. ಮದರಾಸಿನಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದಾಗ ಖಾದಿಯನ್ನುಟ್ಟು ಆಂಗ್ಲ ಅಧ್ಯಾಪಕರ ಅಸಮಾಧಾನಕ್ಕೆ ಗುರಿಯಾಗಿದ್ದ ಈ ಮಹನೀಯರು ಅದೇ 1948ರ ಆಗಸ್ಟ್ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಕಾಲವಾದರು.

ಔಷಧವೇನೋ ದೊರೆಯಿತು, ಆದರೆ ಅದರೊಡನೆ ಬೇರೊಂದು ಕಷ್ಟವೂ ಬಂದಿತು. ಕೆಟ್ಟ ಕಣಗಳನ್ನು ಕೊಲ್ಲುವ ಔಷಧವು ಒಳ್ಳೆಯ ಕಣಗಳನ್ನೂ ಉಳಿಸುವುದಿಲ್ಲ. ಅರ್ಬುದವು ಹಿಮ್ಮೆಟ್ಟುತ್ತಿರುವಾಗಲೇ ರೋಗಿಯು ಜ್ವರ ಬಂದು ಮೂರು ನಾಲ್ಕು ದಿನಗಳಲ್ಲಿ ತೀರಿಕೊಳ್ಳುವುದುಂಟು.

ಈ ಮರಣಗಳ ಕಾರಣವನ್ನು ಲೆಕ್ಕವಿಟ್ಟು ತೋರಿಸಿದವರಲ್ಲಿ ಅಮೆರಿಕದ ಡಾಕ್ಟರ್ ಜೆರಾಲ್ಡ್ ಬೋಡಿ ಅವರು ಪ್ರಮುಖರು. ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಡಾಕ್ಟರ್ ಫ್ರೈರೈಕ್ ಮೊದಲಾದ ಸಹೋದ್ಯೋಗಿಗಳೊಡನೆ ಅವರು ರೋಗಿಗಳ ಬಿಳಿಯ ಕಣಗಳನ್ನು ಎಣಿಸಿ, ಸೋಂಕಿನೊಡನೆ ಹೋಲಿಸಿ, 1966ರಲ್ಲಿ ಪ್ರಕಟಿಸಿದರು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಕಾವಲು ಕಣಗಳು 1000ಕ್ಕಿಂತ ಇಳಿದಂತೆಲ್ಲ ಸೋಂಕು ಹೆಚ್ಚುವುದು. 100ಕ್ಕಿಂತ ಕಡಿಮೆಯಾದಾಗ ಅಪಾಯವು ಅತ್ಯಧಿಕ. ಆ ಸ್ಥಿತಿಯು ಎಷ್ಟು ದಿನ ನಿಲ್ಲುವುದೋ ಅಷ್ಟೂ ಗಂಡಾಂತರ. ನೋಡಲು ಸಾಮಾನ್ಯವೆನಿಸುವ ಈ ಲೆಕ್ಕವನ್ನೇ ಆಧರಿಸಿ ಇಂದಿಗೂ ವೈದ್ಯರು ನಡೆಯುತ್ತಿರುವರು. ಕಣಗಳು 500ಕ್ಕಿಂತ ಇಳಿದ ರೋಗಿಗೆ ಜ್ವರ ಬಂದರೆ, ಪರೀಕ್ಷೆಯ ಫಲಕ್ಕಾಗಿ ಕಾಯದೆ ಕೂಡಲೇ ಔಷಧವನ್ನು ಆರಂಭಿಸುವರು.

ಅದೇ ವರ್ಷ ಬೋಡಿಯವರು ಲ್ಯುಕೀಮಿಯಾ ರೋಗಿಗಳಿಗೆ ತಗಲುವ ಶಿಲೀಂಧ್ರಗಳ, ಎಂದರೆ ಬೂಷ್ಟಿನ ಜಾತಿಯ ಸೋಂಕುಗಳ, ವಿಷಯವಾಗಿಯೂ ಬರೆದರು. ಕ್ಯಾಂಡಿಡಾ ಎಂಬುದು ಆರೋಗ್ಯವಂತರ ಬಾಯಿಯಲ್ಲಿಯೂ ಕರುಳಿನಲ್ಲಿಯೂ ಇದ್ದುಕೊಂಡು ಯಾವ ಕೇಡನ್ನೂ ಮಾಡದು. ಆಸ್ಪರ್ಜಿಲಸ್ ಎಂಬುದರ ಬೀಜಕಣಗಳು ಧೂಳಿನಲ್ಲಿಯೂ ತೇವದ ಗೋಡೆಯಲ್ಲಿಯೂ ಇದ್ದು ನಾವೆಲ್ಲರೂ ದಿನವೂ ಉಸಿರಾಡುವಂಥವು. ಕಾವಲು ತಪ್ಪಿದ ದೇಹದಲ್ಲಿ ಇವೇ ಪ್ರಾಣಾಂತಕವಾಗುವುವು. ಆ ಕಾಲದಲ್ಲಿ ಎಷ್ಟೋ ಮಂದಿಯ ರೋಗವು ಮರಣಾನಂತರದ ಪರೀಕ್ಷೆಯಿಂದಲೇ ತಿಳಿಯುತ್ತಿತ್ತು. ಮುಂದೆ ಬೋಡಿಯವರು ಹ್ಯೂಸ್ಟನ್ ನಗರದ ಎಂ.ಡಿ. ಆಂಡರ್ಸನ್ ಆಸ್ಪತ್ರೆಯಲ್ಲಿ ಬಹುಕಾಲ ಇದೇ ವಿಷಯದಲ್ಲಿ ಶ್ರಮಿಸಿದರು. ಶೋಧಿಸಿದ ಗಾಳಿಯ ಕೋಣೆಗಳಲ್ಲಿ ರೋಗಿಗಳನ್ನಿರಿಸಿಯೂ ಪರೀಕ್ಷಿಸಿದರು.

ಬೂಷ್ಟಿಗೆ ಮದ್ದು ಮಣ್ಣಿನಲ್ಲಿಯೇ ದೊರೆಯಿತು. ವೆನೆಜುವೆಲಾ ದೇಶದ ಒರಿನೋಕೋ ನದಿಯ ಕಡೆಯ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ 1950ರ ದಶಕದಲ್ಲಿ ಆಂಫೊಟೆರಿಸಿನ್ ಬಿ ದೊರಕಿತು. ಅದು ಜೀವವನ್ನು ಉಳಿಸುವುದಾದರೂ ಮೂತ್ರಪಿಂಡಗಳನ್ನು ಬಾಧಿಸುವುದು. ಕೊಬ್ಬಿನ ಕಣಗಳೊಡನೆ ಸೇರಿಸಿದ ಈಚಿನ ರೂಪವು ಸೌಮ್ಯವಾದುದು. ಆದರೆ ಬೆಲೆ ಹೆಚ್ಚು. 2021ರಲ್ಲಿ ಕೋವಿಡ್ ರೋಗದ ಬೆನ್ನಿಗೆ ಕಪ್ಪು ಶಿಲೀಂಧ್ರವು ಹಬ್ಬಿದಾಗ ಈ ಔಷಧಕ್ಕಾಗಿ ಕರ್ನಾಟಕದಲ್ಲಿಯೂ ಜನರು ಅಂಗಡಿಯಿಂದ ಅಂಗಡಿಗೆ ಅಲೆದುದನ್ನು ವಾಚಕರು ಮರೆತಿರಲಾರರು. ಮರುವರ್ಷವೇ ವಿಶ್ವ ಆರೋಗ್ಯ ಸಂಸ್ಥೆಯು ಅಪಾಯಕಾರಿಯಾದ 19 ಶಿಲೀಂಧ್ರಗಳ ಪಟ್ಟಿಯೊಂದನ್ನು ಮೊದಲ ಬಾರಿಗೆ ಹೊರಡಿಸಿತು.

ಮುಂದುವರಿದ ದೇಶಗಳಲ್ಲಿ ಮಕ್ಕಳ ಲ್ಯುಕೀಮಿಯಾಗಳಲ್ಲಿ ಅತಿ ಸಾಮಾನ್ಯವಾದ ಬಗೆಯು ತಗಲಿದವರಲ್ಲಿ 10ಕ್ಕೆ ಸುಮಾರು 9 ಮಂದಿ ಬದುಕುವರು. ನಮ್ಮ ದೇಶದಲ್ಲಿ ಎಲ್ಲೆಡೆಯೂ ಅಂಥ ಫಲ ದೊರೆಯದಿರುವುದಕ್ಕೆ ಚಿಕಿತ್ಸೆಯ ನಡುವೆ ತಗಲುವ ಸೋಂಕು ಒಂದು ಮುಖ್ಯ ಕಾರಣ. ಅರ್ಬುದದ ಔಷಧವನ್ನು ಕೊಂಡುಕೊಟ್ಟ ಮಾತ್ರಕ್ಕೆ ಕರ್ತವ್ಯವು ಮುಗಿಯದು. ಜ್ವರ ಬಂದ ದಿನವೇ ರಕ್ತಕಣಗಳನ್ನು ಎಣಿಸುವ ಏರ್ಪಾಡು ಜಿಲ್ಲಾ ಆಸ್ಪತ್ರೆಗಳಲ್ಲಿ ತಪ್ಪದೆ ನಡೆಯಬೇಕು. ಬೂಷ್ಟಿನ ಔಷಧವು ಉಗ್ರಾಣದಲ್ಲಿ ಸದಾ ಸಿದ್ಧವಿರಬೇಕು. ಇಂಥ ರೋಗಿಗಳ ವಾರ್ಡಿನ ಮಗ್ಗುಲಲ್ಲಿ ಗೋಡೆ ಕೆಡವಿ ಧೂಳೆಬ್ಬಿಸುವ ಕೆಲಸವನ್ನು ಮರೆಕಟ್ಟದೆ ನಡೆಸಕೂಡದು. ಮನೆಯವರೂ ಜ್ವರವನ್ನು ಕಂಡು, ನಾಳೆ ನೋಡೋಣವೆಂದು ಕಾಯಬಾರದು.

ಇವುಗಳಲ್ಲಿ ಯಾವುದೂ ನಮ್ಮ ಶಕ್ತಿಗೆ ಮೀರಿದುದಲ್ಲ. ಅಧಿಕಾರಿಗಳು ಮುಂದಿನ ಆಯವ್ಯಯದ ಪಟ್ಟಿಯನ್ನು ತಯಾರಿಸುವಾಗ ಈ ವಿಷಯಗಳನ್ನು ಜ್ಞಾಪಕದಲ್ಲಿಟ್ಟುಕೊಳ್ಳುವರೆಂದು ನಂಬಿರುವೆವು.